ಹಾಸುಗಲ್ಲಿನ ಒಂಬತ್ತು ಮನೆ

ತಿಪಟೂರಿನಿಂದ ತುರುವೇಕೆರೆಗೆ, ಅಲ್ಲಿಂದ ಚಿಕ್ಕನಾಯಕನಹಳ್ಳಿಗೆ ಸುತ್ತುವ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ತೆಂಗು. ಆಮೇಲೆ, ಸ್ವಲ್ಪ ಆಸಕ್ತಿ ಇದ್ದವನಾದರೆ, ಗುಡಿ. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯಲ್ಲಿ ಅವನು ಕತ್ತೆತ್ತಿ ಛಾವಣಿಯ ನಟರಾಜನನ್ನೂ ಸುತ್ತಲಿನ ದಿಕ್ಪಾಲಕರನ್ನೂ ನೋಡುತ್ತಾನೆ. ತುರುವೇಕೆರೆಯಲ್ಲಿ 1263ರ ಚೆನ್ನಕೇಶವ ದೇವಾಲಯ, ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ದೇವಾಲಯ, ಎರಡೂ ಹೊಯ್ಸಳ ಮೂರನೆಯ ನರಸಿಂಹನ ಕಾಲದವು, ಅವನ್ನೂ ನೋಡುತ್ತಾನೆ. ಕತ್ತು ಬಗ್ಗಿಸಿ ಜಗಲಿಯ ಹಾಸುಗಲ್ಲನ್ನು ನೋಡುವವರು ಮಾತ್ರ ವಿರಳ.

ನನಗೆ ಆ ಅಭ್ಯಾಸ ಹತ್ತಿದ್ದು ಅಜ್ಜಿಯಿಂದ. ಸೋದರಮಾವನ ಹಳ್ಳಿಯ ಗುಡಿಯ ಜಗಲಿಯಲ್ಲಿ ಯಾರೋ ಯಾವಾಗಲೋ ಗೀಚಿದ ಒಂದು ಚೌಕವಿತ್ತು. ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ. ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ. ಗೆರೆಗಳು ಸೇರುವ ಒಂಬತ್ತು ಎಡೆಗಳೇ ಮನೆ. ಅಜ್ಜಿಗೆ ಮೂರು ಕರಟದ ಚೂರು, ನನಗೆ ಮೂರು ಹುಣಸೆಬೀಜ. ಒಂದೊಂದಾಗಿ ಇಡುವುದು, ಆರೂ ಇಟ್ಟಾದ ಮೇಲೆ ಗೆರೆ ಹಿಡಿದು ಒಂದೊಂದು ಮನೆ ನಡೆಸುವುದು, ಮೂರೂ ಸಾಲಾಗಿ ಕೂಡಿದವರು ಗೆದ್ದರು. ತೆಂಗಿನ ಸೀಮೆಯಲ್ಲಿ ಬರಿದೇ ಕಾಯಿ ಎಂದರೆ ತೆಂಗಿನಕಾಯಿ. ಆಟದಲ್ಲಿ ನಡೆಸುವುದೂ ಕಾಯಿಯೇ. ನಾನು ನಡುಮನೆ ಹಿಡಿದು ಕದಲದೆ ಕುಳಿತರೆ ಅಜ್ಜಿ, “ಅಟ್ಟಕ್ಕೆ ಹಾಕಿದ ಕಾಯಿ ಕೂತ್ಕೊಂಡಿದ್ರೆ ಕೊಬ್ಬರಿ ಆಗುತ್ತೆ ಕಣೋ ಮಗ, ಇದು ಆಗಲ್ಲ, ನಡೆಸು” ಎನ್ನುತ್ತಿದ್ದಳು.

ಪಟ್ಟಣದ ಶಾಲೆಗೆ ಬಂದಾಗ ಇದೇ ಆಟ ಸ್ಲೇಟಿನ ಮೇಲೆ ಬೇರೆ ವೇಷದಲ್ಲಿ ಎದುರಾಯಿತು. ಎರಡು ನೀಟಗೆರೆ, ಎರಡು ಅಡ್ಡಗೆರೆ. ಒಬ್ಬನದು ಸೊನ್ನೆ, ಇನ್ನೊಬ್ಬನದು ಇಂಟು. ಒಂದು ವಾರ ಬಲು ಹುರುಪು. ಅನಂತರ ಯಾರೂ ಗೆಲ್ಲದಾದರು. ಅದರ ಕಾರಣ ಲೆಕ್ಕದಲ್ಲಿಯೇ ಇದೆ. ಒಂಬತ್ತು ಮನೆಗಳಲ್ಲಿ ಕೂಡಬಹುದಾದ ಸಾಲುಗಳು ಎಂಟೇ. ನಡುಮನೆಯ ಮೇಲೆ ನಾಲ್ಕು ಸಾಲು ಹಾಯುತ್ತವೆ, ಮೂಲೆಮನೆಯ ಮೇಲೆ ಮೂರು, ಬದಿಯ ಮನೆಯ ಮೇಲೆ ಎರಡು. ಎದುರಾಳಿ ನಡುವೆ ಹೂಡಿದರೆ ಮೂಲೆ ಹಿಡಿಯಬೇಕು, ಮೂಲೆಯಲ್ಲಿ ಹೂಡಿದರೆ ನಡು ಹಿಡಿಯಬೇಕು. ತಪ್ಪಿದರೆ ಅವನು ಏಕಕಾಲದಲ್ಲಿ ಎರಡು ಕಡೆ ಸಾಲು ಹೂಡುತ್ತಾನೆ, ನಮ್ಮದು ಅತ್ತ ದರಿ ಇತ್ತ ಪುಲಿ ಎಂಬ ಪಾಡು. ತಪ್ಪದಿದ್ದರೆ ಆಟ ಸಮವೇ. ನಡೆಯಬಹುದಾದ ಆಟಗಳು 2,55,168 ಎಂದು ಗಣಿತಜ್ಞರು ಎಣಿಸಿದ್ದಾರೆ. ಇಬ್ಬರೂ ಜಾಗರೂಕರಾದರೆ ಫಲ ಒಂದೇ.

ಇದೇ ಆಟವನ್ನು ಗೆರೆಯಿಲ್ಲದೆಯೂ ಆಡಬಹುದು. ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಇಬ್ಬರೂ ಸರದಿಯಂತೆ ಆರಿಸಿಕೊಳ್ಳಲಿ. ಮೂರು ಅಂಕಿ ಕೂಡಿ ಹದಿನೈದಾದವನು ಗೆದ್ದ. 2, 9, 4. ಅದರ ಕೆಳಗೆ 7, 5, 3. ಅದರ ಕೆಳಗೆ 6, 1, 8 ಎಂದು ಬರೆದು ನೋಡಿ. ಎಂಟು ಸಾಲೂ ಹದಿನೈದೇ. ಇಂತಹ ಅಂಕಚೌಕಗಳಿಗೆ ನಾರಾಯಣ ಪಂಡಿತನು 1356ರ ತನ್ನ ‘ಗಣಿತ ಕೌಮುದಿ’ಯಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ.

ಸ್ಲೇಟಿನ ಆಟ ಏಕೆ ಬೇಗ ಸಪ್ಪೆಯಾಗುತ್ತದೆ, ಜಗಲಿಯ ಆಟ ಏಕೆ ಆಗುವುದಿಲ್ಲ? ಬರೆದ ಸೊನ್ನೆ ಕದಲದು. ಇಟ್ಟ ಕಲ್ಲು ಕದಲುತ್ತದೆ. ಮೂರು ಕಾಯಿಗಳ ಈ ಆಟದ ದೊಡ್ಡಣ್ಣನೇ ಸಾಲುಮನೆ ಆಟ. ಒಂದರೊಳಗೊಂದು ಮೂರು ಚೌಕ, ಇಪ್ಪತ್ತನಾಲ್ಕು ಮನೆ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ. ನವಕಂಕರಿ ಎಂಬ ಹೆಸರೂ ಅದಕ್ಕುಂಟು. ಸಾಲು ಕೂಡಿದಾಗಲೆಲ್ಲ ಎದುರಾಳಿಯ ಒಂದು ಕಾಯನ್ನು ಎತ್ತಬಹುದು. ಒಂದೇ ಕಾಯನ್ನು ಅತ್ತಿತ್ತ ಸರಿಸಿ ಪ್ರತಿ ಸಲವೂ ಸಾಲು ಕೂಡುವಂತೆ ಮಾಡಿಕೊಂಡವನ ಮುಂದೆ ಎದುರಾಳಿ ಉಳಿಯುವುದು ಕಷ್ಟ. ಸರಿಯಾಗಿ ಆಡಿದರೆ ಇದೂ ಸಮವೇ ಎಂದು 1993ರಲ್ಲಿ ರಾಲ್ಫ್ ಗ್ಯಾಸರ್ ಎಂಬುವರು ಗಣಕಯಂತ್ರದಿಂದ ಸಾಧಿಸಿದರು. ಮನುಷ್ಯರ ತಲೆಗೆ ಅಷ್ಟು ಲೆಕ್ಕ ಹಿಡಿಯದಿರುವುದೇ ಆಟದ ಪುಣ್ಯ.

ಈ ಗೆರೆಗಳಿಗೆ ವಯಸ್ಸೆಷ್ಟು? ಇಲ್ಲಿ ಉತ್ಸಾಹಿಗಳು ಎಡವುತ್ತಾರೆ. ಈಜಿಪ್ಟಿನ ಕುರ್ನಾ ದೇವಾಲಯದ ಚಪ್ಪಡಿಗಳ ಮೇಲೆ ಇಂತಹ ಮನೆಗಳಿರುವುದನ್ನು ಕಂಡು ಹೆನ್ರಿ ಪಾರ್ಕರ್ 1909ರಲ್ಲಿ ಅವು ಮೂರು ಸಾವಿರ ವರ್ಷಕ್ಕೂ ಹಳೆಯವೆಂದು ಬರೆದ. ಅಲ್ಲಿಯೇ ಕ್ರೈಸ್ತರ ಶಿಲುಬೆಯ ಗುರುತುಗಳೂ ಇವೆಯೆಂದು ಅನಂತರದವರು ತೋರಿಸಿದರು. ಕಲ್ಲಿನ ವಯಸ್ಸು ಗೆರೆಯ ವಯಸ್ಸಲ್ಲ. ಗೆರೆಯ ಅರ್ಧ ಭಾಗ ಕಂಬದ ಬುಡದಡಿ ಹುದುಗಿದ್ದರೆ ಕಂಬ ನಿಲ್ಲುವ ಮೊದಲೇ ಕಲ್ಲುಕುಟಿಗರು ಆಡಿದರೆನ್ನಬಹುದು. ಇಲ್ಲದಿದ್ದರೆ ನಿನ್ನೆಯ ದನಗಾಹಿ ಹುಡುಗನೂ ಗೀಚಿರಬಹುದು. ಹಂಪಿಯ ಮಂಟಪಗಳ ನೆಲದಲ್ಲಿ ಕಾಣುವ ಆಟದ ಮನೆಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಬರಹದ ಸಾಕ್ಷ್ಯವೇ ಹೆಚ್ಚು ಗಟ್ಟಿ. ಮೂರು ಕಲ್ಲುಗಳನ್ನು ಸಾಲಾಗಿ ಕೂಡಿಸುವ ಆಟವೊಂದನ್ನು ರೋಮಿನ ಕವಿ ಓವಿಡ್ ಎರಡು ಸಾವಿರ ವರ್ಷದ ಹಿಂದೆಯೇ ಹೆಸರಿಸಿದ್ದಾನೆ. ಸ್ಪೇನಿನ ದೊರೆ ಹತ್ತನೆಯ ಅಲ್ಫೊನ್ಸೊ 1283ರಲ್ಲಿ ಮುಗಿಸಿದ ಆಟಗಳ ಗ್ರಂಥದಲ್ಲಿ ಮೂರು ಕಾಯಿಯದೂ ಒಂಬತ್ತು ಕಾಯಿಯದೂ ಚಿತ್ರಸಹಿತವಾಗಿವೆ. ಅದು ವಿಘ್ನಸಂತೆಯ ಗುಡಿಗಿಂತ ಮೂರು ವರ್ಷ ಹಿರಿದು.

ನಮ್ಮಲ್ಲಿಯೂ ಇಂತಹ ದೊರೆಯೊಬ್ಬನಿದ್ದ. 1831ರಲ್ಲಿ ಆಡಳಿತವನ್ನು ಕಂಪನಿಯವರು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕಾಲ ಧಾರಾಳವಾಗಿತ್ತು. ಚದುರಂಗದ ಬಂಧಗಳನ್ನೂ ಹೊಸ ಹೊಸ ಆಟಗಳನ್ನೂ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳದೇ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್, ಸೊನ್ನೆ-ಇಂಟಿನ ಆಟದಲ್ಲಿ ಎಂದೂ ಸೋಲದ ಯಂತ್ರವನ್ನು ಮಾಡಿ ಊರೂರಿಗೆ ತೋರಿಸಿ ತನ್ನ ದೊಡ್ಡ ಗಣಕಕ್ಕೆ ಹಣ ಕೂಡಿಸಬೇಕೆಂದು ಯೋಚಿಸಿ, ಲಾಭ ಹುಟ್ಟದೆಂದು ಕೈಬಿಟ್ಟ. ಆ ಯೋಚನೆ 1952ರಲ್ಲಿ ಕೈಗೂಡಿತು: ಕೇಂಬ್ರಿಜ್ಜಿನಲ್ಲಿ ಎ. ಎಸ್. ಡಗ್ಲಸ್ ಎಡ್‌ಸ್ಯಾಕ್ ಯಂತ್ರಕ್ಕೆ ಈ ಆಟವನ್ನು ಕಲಿಸಿದರು. ಅರಸರದೂ ಯಂತ್ರದ್ದೂ ದಾಖಲೆಯಾಯಿತು. ಜಗಲಿಯದು ಆಗಲಿಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಸೀಮೆಯ ದಾನದತ್ತಿಗಳು ಅಕ್ಷರ ಅಕ್ಷರವಾಗಿ ಉಳಿದಿವೆ. ಅಕ್ಷರವಲ್ಲದ ಗೆರೆಯನ್ನು ಪಡಿಯಚ್ಚು ತೆಗೆಯುವವರು ಯಾರು?

ಮಾವನ ಊರಿನ ಗುಡಿಗೆ ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರವಾಯಿತು. ಜಗಲಿಗೆ ಈಗ ಹೊಳೆಯುವ ಗ್ರಾನೈಟು. ಹಳೆಯ ಕಲ್ಲುಗಳೆಲ್ಲಿ ಎಂದು ವಿಚಾರಿಸಿದೆ. “ಯಾವ ಕಲ್ಲು ಸ್ವಾಮಿ? ಬರಹ ಇತ್ತಾ ಅದರಲ್ಲಿ?” ಎಂದರು. ಇರಲಿಲ್ಲವೆಂದೆ. ಹಾಗಾದರೆ ತೋಟದ ಕಡೆಗೆ ಸಾಗಿಸಿರಬೇಕೆಂದರು.

ನಿಜವಾಗಿಯೂ ತೋಟದಲ್ಲಿತ್ತು. ಪಂಪಿನ ಮನೆಯ ಮುಂದೆ, ಬಟ್ಟೆ ಒಗೆಯಲು ಅನುಕೂಲವಾಗಿ ಓರೆಯಾಗಿ ಹಾಕಿದ್ದಾರೆ. ಸೋಪಿನ ಜಿಡ್ಡನ್ನು ಬೆರಳಿನಿಂದ ಉಜ್ಜಿದಾಗ ಒಂದು ಓರೆಗೆರೆ, ಅದನ್ನು ಹಾಯುವ ಅಡ್ಡಗೆರೆ ಕಂಡವು, ಮೂಲೆಯೊಂದು ಒಡೆದುಹೋಗಿತ್ತು. ಕಾಯಿ ಸುಲಿಯಲು ಬಂದಿದ್ದ ಹುಡುಗನೊಬ್ಬ ಪಕ್ಕದಲ್ಲಿ ನಿಂತು ನೋಡಿದ. ಎಷ್ಟು ಮನೆ ಎಂದು ಕೇಳಿದ. ಎಂಟು ಉಳಿದಿವೆ, ಒಂಬತ್ತನೆಯದನ್ನು ಬಳಪದಲ್ಲಿ ಬರೆದುಕೊಳ್ಳಬೇಕು ಎಂದೆ. ಬಳಪವಿರಲಿಲ್ಲ; ಇದ್ದಿಲು ತಂದ.