ರೇಫದ ಸ್ಥಾನ: ಬ್ರೌಸರ್ ತಂತ್ರಾಂಶದ ಪುನಾರಚನೆ ಮತ್ತು ಹೊಸೂರು ಸೀಮೆಯ ಕನ್ನಡ

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತುಗಳು. ಇವುಗಳಲ್ಲಿ ತೆಲುಗು ಮತ್ತು ಕನ್ನಡ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಎರಡನ್ನೂ ಓದಬಲ್ಲವರಿಗೆ ಅವುಗಳ ಸಾಮ್ಯದಷ್ಟೇ ಭೇದವೂ ಗೊತ್ತು. ‘ಸೂರ್ಯ’ ಎಂಬ ಪದವನ್ನು ಕನ್ನಡದಲ್ಲಿ ಬರೆದಾಗ ರೇಫವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಸರಿಯುತ್ತದೆ. ಇಂದಿನ ತೆಲುಗಿನಲ್ಲಿ ರೇಫವು ತನ್ನ ಎಡೆಯಲ್ಲೇ ನಿಂತು ಯಕಾರವೇ ಒತ್ತಾಗುತ್ತದೆ. ಲಿಪಿಶಾಸ್ತ್ರದ ಈ ಸಣ್ಣ ಸಂಗತಿಗೆ ವೆಬ್ ಬ್ರೌಸರುಗಳ ಇತಿಹಾಸದಲ್ಲಿಯೂ ಒಂದು ಸ್ಥಾನವಿದೆ.

ತಂತ್ರಾಂಶದ ಹೊರಗಿನ ನಡವಳಿಕೆ ಬದಲಾಗದಂತೆ ಅದರ ಒಳರಚನೆಯನ್ನು ತಿದ್ದಿ ಸರಳಗೊಳಿಸುವುದನ್ನು ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಪುನಾರಚನೆ ಎಂಬುದು ಅದಕ್ಕೆ ಸಮೀಪದ ಮಾತು. ಬ್ರೌಸರುಗಳ ಚರಿತ್ರೆ ಬಹುಮಟ್ಟಿಗೆ ಇಂಥ ತಿದ್ದುಪಡಿಗಳ ಚರಿತ್ರೆ. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನ ಮೂಲ ಕೋಡನ್ನು ಸಾರ್ವಜನಿಕಗೊಳಿಸಿತು. ಅದೇ ವರ್ಷ ಮೊಜಿಲ್ಲಾ ಯೋಜನೆಯು ಪುಟವಿನ್ಯಾಸದ ಹಳೆಯ ಭಾಗವನ್ನು ಕೈಬಿಟ್ಟು ಹೊಸದನ್ನು ಕಟ್ಟಲು ನಿರ್ಧರಿಸಿತು, ಮೊಜಿಲ್ಲಾ 1.0 ಹೊರಬಂದದ್ದು 2002ರ ಜೂನ್‌ನಲ್ಲಿ. ಇನ್ನೊಂದು ಕವಲಿನಲ್ಲಿ ಕೆಡಿಇ ಯೋಜನೆಯ ಕೆಎಚ್‌ಟಿಎಂಎಲ್‌ನಿಂದ ಆಪಲ್ ಸಂಸ್ಥೆಯ ವೆಬ್‌ಕಿಟ್ ಹುಟ್ಟಿತು. 2013ರ ಏಪ್ರಿಲ್‌ನಲ್ಲಿ ಗೂಗಲ್ ಅದರಿಂದ ಬ್ಲಿಂಕ್ ಎಂಬ ಶಾಖೆಯನ್ನು ಬೇರ್ಪಡಿಸಿದಾಗ, 7,000ಕ್ಕೂ ಹೆಚ್ಚು ಕಡತಗಳನ್ನು, ಅಂದರೆ 45 ಲಕ್ಷಕ್ಕೂ ಮಿಕ್ಕ ಸಾಲುಗಳನ್ನು, ಒಮ್ಮೆಗೇ ತೆಗೆದುಹಾಕಬಹುದೆಂದು ಪ್ರಕಟಿಸಿತು. ಬೇಡವಾದುದನ್ನು ಅಳಿಸುವುದೂ ನಿರ್ವಹಣೆಯ ಭಾಗವೇ. ಆದರೆ ಯಾವುದು ಬೇಡವೆಂದು ತೀರ್ಮಾನಿಸಲು ಆಧಾರವೇನು ಎಂಬ ಪ್ರಶ್ನೆ ಕಡಿಮೆ ಬಳಕೆದಾರರಿರುವ ಲಿಪಿಗಳಿಗೆ ಮುಖ್ಯವಾದುದು.

ಯೂನಿಕೋಡಿನ ಮೊದಲ ಆವೃತ್ತಿ 1991ರದು. ಭಾರತೀಯ ಲಿಪಿಗಳ ವಿನ್ಯಾಸದಲ್ಲಿ ಅದು 1988ರ ಇಸ್ಕಿ ಮಾನಕವನ್ನು ಅನುಸರಿಸಿತು. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ವ್ಯಂಜನ, ಹಲಂತ ಚಿಹ್ನೆ, ಮತ್ತೆ ವ್ಯಂಜನ ಎಂಬ ಕ್ರಮವಷ್ಟೇ ಕಡತದಲ್ಲಿ ಉಳಿಯುತ್ತದೆ. ಅದನ್ನು ಓದಬಲ್ಲ ರೂಪಕ್ಕೆ ತರುವುದು ಬರಹವನ್ನು ತೋರಿಸುವ ತಂತ್ರಾಂಶದ ಹೊಣೆ. ಲಿನಕ್ಸ್‌ನಲ್ಲಿ 2008ರ ಫೈರ್‌ಫಾಕ್ಸ್ 3ಕ್ಕೆ ಮುಂಚಿನ ಆವೃತ್ತಿಗಳು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಬೇಕಾದರೆ ಬಳಕೆದಾರರೇ ಪ್ಯಾಂಗೋ ಎಂಬ ಅಂಗವನ್ನು ಚಾಲನೆಗೊಳಿಸಬೇಕಾಗುತ್ತಿತ್ತು. ಹಾಗೆ ಮಾಡದವರಿಗೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಇಂದು ಫೈರ್‌ಫಾಕ್ಸ್ ಮತ್ತು ಕ್ರೋಮ್‌ಗಳೆರಡೂ ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಅವಲಂಬಿಸಿವೆ.

ಹಾರ್ಫ್‌ಬಜ್‌ನಲ್ಲಿ ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ, ಮಲಯಾಳಗಳಿಗೆಲ್ಲ ಒಂದೇ ಸಮಾನ ಯಂತ್ರವಿದೆ. ಲಿಪಿಲಿಪಿಗೆ ಬದಲಾಗುವ ಗುಣಗಳು ಮಾತ್ರ ಒಂದು ಪಟ್ಟಿಯಲ್ಲಿ ಸೇರಿವೆ. ಆ ಪಟ್ಟಿಯಲ್ಲಿ ಕನ್ನಡದ ರೇಫ ತಾನಾಗಿಯೇ ಅರ್ಕಾವೊತ್ತಾಗುವ ವರ್ಗಕ್ಕೆ ಸೇರಿದರೆ, ತೆಲುಗಿನದು ಪ್ರತ್ಯೇಕ ಸೂಚನೆ ಕೊಟ್ಟಾಗ ಮಾತ್ರ ಹಾಗಾಗುವ ವರ್ಗಕ್ಕೆ ಸೇರಿದೆ. ಸಮಾನವಾಗಿ ಕಂಡದ್ದನ್ನೆಲ್ಲ ಒಂದುಗೂಡಿಸುವುದು ಪುನಾರಚನೆಯ ಸಹಜ ಒಲವು. ತೆಲುಗು–ಕನ್ನಡಗಳು ಒಂದೇ ಎಂದು ಈ ಸಾಲುಗಳನ್ನು ಬೆಸೆದಿದ್ದರೆ ಎರಡರಲ್ಲಿ ಒಂದು ಲಿಪಿ ಕೆಡುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಿಯಮವಿದೆ. ‘ರ‍್ಯಾಂಕ್’ ಎಂಬಂತೆ ರೇಫವನ್ನು ಮುಂದೆಯೇ ಉಳಿಸಬೇಕಾದಾಗ, ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ರಕಾರ ಮತ್ತು ಹಲಂತಗಳ ನಡುವೆ ಇಡಬೇಕೆಂದು ಯೂನಿಕೋಡ್ ಹೇಳುತ್ತದೆ. ಹಿಂದಿನ ಬಳಕೆಯಲ್ಲಿ ಅದನ್ನು ಹಲಂತದ ನಂತರ ಇಡುತ್ತಿದ್ದುದೂ ಉಂಟು. ಹಾರ್ಫ್‌ಬಜ್‌ನ ಕೋಡು ಕನ್ನಡಕ್ಕೆಂದೇ ಈ ಎರಡು ಕ್ರಮಗಳನ್ನೂ ಒಂದೇ ಎಂದು ಸ್ವೀಕರಿಸುತ್ತದೆ. ಹಳೆಯ ಬಳಕೆಗೆ ಹೊಂದಿಕೊಳ್ಳಲು ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿಯೂ ಅಲ್ಲಿದೆ. ಆ ಟಿಪ್ಪಣಿಯಿಲ್ಲದಿದ್ದರೆ ಮುಂದೆ ಕೋಡನ್ನು ಶುಚಿಗೊಳಿಸುವವರಿಗೆ ಅದು ನಿಷ್ಪ್ರಯೋಜಕ ವಿನಾಯಿತಿಯಾಗಿ ಕಾಣಬಹುದಿತ್ತು. ಗ್ರಂಥಸಂಪಾದಕರು ಪಾಠಾಂತರವನ್ನು ತಪ್ಪೆಂದು ತಳ್ಳುವ ಮೊದಲು ಅದರ ಕಾರಣವನ್ನು ಹುಡುಕುವಂತೆ, ಇಲ್ಲಿಯೂ ಹಳೆಯ ಬರಹದ ಹಕ್ಕನ್ನು ಮನ್ನಿಸಲಾಗಿದೆ.

ಇಂಥ ನಿಯಮಗಳನ್ನು ಕಾಯುವುದು ಪರೀಕ್ಷಾಪದಗಳು. ಹಾರ್ಫ್‌ಬಜ್‌ನ ಭಾರತೀಯ ಭಾಗವನ್ನು ರೂಪಿಸುವಾಗ ವಿಕಿಪೀಡಿಯದಿಂದ ಆಯ್ದ ಪದಗಳನ್ನು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ತೋರಿಸುವ ರೂಪದೊಡನೆ ಹೋಲಿಸಿ ನೋಡಲಾಯಿತು. ಅಂದರೆ ಸ್ವಯಂಸೇವಕರು ಬರೆದ ಸಾಮಾನ್ಯ ಕನ್ನಡವೇ ತಂತ್ರಾಂಶಕ್ಕೆ ಪ್ರಮಾಣವಾಯಿತು. ಯೂನಿಕೋಡಿನಲ್ಲಿ ಬರೆಯದೆ ಉಳಿದದ್ದು ಇಂಥ ಪರೀಕ್ಷೆಗೆ ಸಿಗುವುದಿಲ್ಲ. ಪರೀಕ್ಷೆಗೆ ಸಿಗದದ್ದು ಮುಂದಿನ ತಿದ್ದುಪಡಿಯಲ್ಲಿ ಕೆಟ್ಟರೂ ಯಾರಿಗೂ ತಿಳಿಯುವುದಿಲ್ಲ. ಆರಂಭದ ಅಲಕ್ಷ್ಯ ಎಷ್ಟು ಕಾಲ ಉಳಿಯಬಲ್ಲದೆಂಬುದಕ್ಕೆ ‘ೞ’ ಅಕ್ಷರ ಸಾಕ್ಷಿ. ಹಳಗನ್ನಡ ಶಾಸನಗಳ ಈ ಅಕ್ಷರವನ್ನು ಯೂನಿಕೋಡ್ ‘ಫ’ ಎಂಬರ್ಥದ ಹೆಸರಿನಲ್ಲಿ ದಾಖಲಿಸಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿತು.

ಹೊಸೂರು ಸೀಮೆಗೆ ಇದು ದೂರದ ವಿಷಯವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಈ ಭಾಗ ಮದರಾಸು ರಾಜ್ಯದಲ್ಲೇ ಉಳಿಯಿತು. 2006ರ ತಮಿಳು ಕಲಿಕೆ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಮೇಲೆ ಅಲ್ಪಸಂಖ್ಯಾತ ಭಾಷೆಗಳ ಸ್ಥಾನ ನ್ಯಾಯಾಲಯಗಳವರೆಗೂ ಹೋಯಿತು. ಶಾಲೆಯಲ್ಲಿ ಕನ್ನಡದ ಎಡೆ ಕಿರಿದಾದಷ್ಟೂ ಕೈಯಲ್ಲಿರುವ ಪರದೆಯೇ ಕನ್ನಡದ ಓದಿಗೆ ದಾರಿಯಾಗುತ್ತದೆ. ಆ ದಾರಿಯನ್ನು ಸುಸ್ಥಿತಿಯಲ್ಲಿಡುವವರು ಕನ್ನಡ ಬಲ್ಲವರೇ ಆಗಿರಬೇಕೆಂದಿಲ್ಲ. ಅವರಿಗೆ ಬೇಕಾದದ್ದು ಆಧಾರ. ಈ ಸೀಮೆಯ ಶಾಸನಪಾಠಗಳು, ನಡುಗಲ್ಲುಗಳ ಬರಹ, ತೆಲುಗು–ತಮಿಳು ಬೆರೆತ ಆಡುನುಡಿಯ ಕಥೆಗಳು ಮುದ್ರಿತ ಪುಸ್ತಕದ ಚಿತ್ರಪ್ರತಿಗಳಾಗಿ ಅಥವಾ ಹಳೆಯ ಅಕ್ಷರಶೈಲಿಗಳ ಕಡತಗಳಾಗಿ ಉಳಿದರೆ ಯಾವ ಪರೀಕ್ಷೆಯೂ ಅವನ್ನು ಕಾಣದು. ಅವು ಯೂನಿಕೋಡ್ ಪಠ್ಯವಾಗಿ ಪ್ರಕಟವಾದಾಗ, ದೋಷ ಕಂಡಲ್ಲಿ ಮೂಲಪಾಠದೊಡನೆ ವರದಿಯಾದಾಗ, ಗಡಿನಾಡಿನ ಕನ್ನಡವೂ ತಂತ್ರಾಂಶಕ್ಕೆ ಪ್ರಮಾಣಗಳಲ್ಲೊಂದಾಗುತ್ತದೆ. ಆ ಪಠ್ಯಗಳನ್ನು ಸಿದ್ಧಪಡಿಸುವುದು ತಂತ್ರಜ್ಞರಿಗಿಂತ ಮೊದಲು ಭಾಷಾ ಅಧ್ಯಯನ ಮಾಡುವವರ ಕೆಲಸ.