ಒಂದು ಯಂತ್ರ, ಹಲವು ಒಡೆಯರು

ಭದ್ರಾ ಜಲಾಶಯದಲ್ಲಿ ಇಂದು ನೀರು ಎಷ್ಟು ಅಡಿ ಇದೆ ಎಂಬುದು ಮಳೆಗಾಲದಲ್ಲಿ ನಮ್ಮ ಕಡೆಯವರ ದಿನನಿತ್ಯದ ಸುದ್ದಿ. 186 ಅಡಿಗೆ ಬಂದರೆ ತುಂಬಿತೆಂದು ಲೆಕ್ಕ. ಕಾಗದನಗರದಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಒಂದು ಗುಂಟೆ ಗದ್ದೆ ಇಲ್ಲದವರೂ ಆ ಅಂಕಿಯನ್ನು ಕಿವಿಗೊಟ್ಟು ಕೇಳುತ್ತಾರೆ. ಆದರೆ ಬಲದಂಡೆ ನಾಲೆಯ ಕೊನೆಯಲ್ಲಿ, ಹರಿಹರ ಮಲೇಬೆನ್ನೂರುಗಳ ಕಡೆ ನಾಟಿ ಮಾಡಿದ ರೈತನನ್ನು ಕೇಳಿ ನೋಡಿ. ಜಲಾಶಯದ ಅಂಕಿ ಕಟ್ಟಿಕೊಂಡು ಅವನಿಗೆ ಆಗಬೇಕಾದ್ದೇನೂ ಇಲ್ಲ. ಅಣೆಕಟ್ಟು ತುಂಬಿರಬಹುದು, ತೂಬೂ ಎತ್ತಿರಬಹುದು. ನಡುದಾರಿಯಲ್ಲಿ ಪಂಪುಸೆಟ್ಟುಗಳು ಎಳೆದುಕೊಂಡ ಮೇಲೆ ತನ್ನ ಗದ್ದೆಗೆ ಬಂದದ್ದೆಷ್ಟು ಎಂಬುದೇ ಅವನ ಪ್ರಶ್ನೆ. ತನ್ನ ಬದುವಿನ ಮೇಲೆ ನಿಂತು ನೋಡಿದರೆ ನೀರು ಕಡಿಮೆಯಾದದ್ದು ಕಾಣುತ್ತದೆಯೇ ಹೊರತು, ಯಾರು ಕಡಿಮೆ ಮಾಡಿದರೆಂಬುದು ಕಾಣುವುದಿಲ್ಲ.

ಗಣಕಯಂತ್ರಗಳ ಲೋಕದಲ್ಲೂ ಇದೇ ಪ್ರಶ್ನೆ ಹುಟ್ಟಿತು. ಅದಕ್ಕೆ ಒಂದು ಮಟ್ಟಿಗೆ ಉತ್ತರವೂ ದೊರಕಿತು. ಆ ಕಥೆ ನಮಗೇಕೆ ಎನ್ನುವಿರಾ? ಪಹಣಿಗೋ ಪಡಿತರಕ್ಕೋ ಸಾಲಿನಲ್ಲಿ ನಿಂತು, "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳದವರು ಇಂದು ವಿರಳ. ಆ ಸರ್ವರ್ ಎಂಬುದು ಬಹುಮಟ್ಟಿಗೆ ಒಂದು ಇಡೀ ಯಂತ್ರವಲ್ಲ; ದೊಡ್ಡದೊಂದು ಯಂತ್ರದಲ್ಲಿ ಒಂದು ಪಾಲು. ಪಾಲು ಎಂದ ಮೇಲೆ ಜಗಳವುಂಟು; ಜಗಳವೆಂದ ಮೇಲೆ ಅಳತೆ ಬೇಕು.

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಅದೇ ವೇಳೆಗೆ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಡ್ಜ್ ಊರಿನಲ್ಲಿ ಐಬಿಎಂ ಕಂಪೆನಿಯ ಒಂದು ಸಣ್ಣ ಪ್ರಯೋಗಶಾಲೆಯವರು ವಿಚಿತ್ರವಾದೊಂದು ಸಾಹಸದಲ್ಲಿ ತೊಡಗಿದ್ದರು. ಆಗ ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುವ, ಬೆಲೆ ಕೇಳಿದರೆ ತಲೆ ತಿರುಗುವ ವಸ್ತು. ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಗೆ 1963ರಲ್ಲಿ ಒಂದು ಬಂದಾಗ ಅದೇ ದೊಡ್ಡ ಸಂಭ್ರಮವಾಗಿತ್ತು. ಇಂಥ ಯಂತ್ರವನ್ನು ಒಬ್ಬನ ಕೈಗೆ ಕೊಟ್ಟು ಅವನು ಯೋಚಿಸುತ್ತ ಕೂರುವಾಗ ಅದನ್ನು ಸುಮ್ಮನೆ ನಿಲ್ಲಿಸುವುದೆಂದರೆ ದುಂದು. ಆದ್ದರಿಂದ ಯಂತ್ರದ ಕಾಲವನ್ನು ಕ್ಷಣಕ್ಷಣಕ್ಕೆ ಹಂಚುವ ಉಪಾಯವನ್ನು ಎಂಐಟಿಯ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು 1961ರಲ್ಲೇ ಮಾಡಿ ತೋರಿಸಿದ್ದರು. ಐಬಿಎಂನ ರಾಬರ್ಟ್ ಕ್ರೀಸಿ, ಲೆಸ್ ಕಾಮೊ ಮೊದಲಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಲವನ್ನು ಮಾತ್ರವೇಕೆ, ಇಡೀ ಯಂತ್ರವನ್ನೇ ಒಬ್ಬೊಬ್ಬರಿಗೂ ಕೊಟ್ಟಂತೆ ತೋರಿಸಿದರೇನು ಎಂದರು.

ಹೀಗೆ ಹುಟ್ಟಿದ್ದು ಸಿಪಿ-40 ಎಂಬ ವ್ಯವಸ್ಥೆ. 1967ರ ಜನವರಿಯಲ್ಲಿ ಅದು ಕೆಲಸಕ್ಕೆ ನಿಂತಿತು. ಅದು ನಡೆಯುತ್ತಿದ್ದ ಮಾದರಿಯ ಯಂತ್ರಕ್ಕೆ ಹೆಚ್ಚೆಂದರೆ 256 ಕಿಲೋಬೈಟುಗಳ ಸ್ಮೃತಿಕೋಶ; ಇಂದಿನ ಒಂದು ಸಾಧಾರಣ ಛಾಯಾಚಿತ್ರವೂ ಅದರಲ್ಲಿ ಹಿಡಿಯದು. ಆದರೂ ಹದಿನಾಲ್ಕು ಮಂದಿ ಏಕಕಾಲಕ್ಕೆ ಕೂತು, ಒಬ್ಬೊಬ್ಬನೂ ತನಗೇ 256 ಕಿಲೋಬೈಟಿನ ಪೂರ್ತಿ ಯಂತ್ರವಿದೆ ಎಂದು ತಿಳಿದು ಕೆಲಸ ಮಾಡಬಹುದಾಗಿತ್ತು. ಈ ತೋರಿಕೆಯ ಯಂತ್ರಕ್ಕೆ ವರ್ಚುವಲ್ ಮಷಿನ್ ಎಂದು ಹೆಸರಾಯಿತು. ನಮ್ಮಲ್ಲೂ ಅದೇ ಹೆಸರು ನಡೆಯುತ್ತಿದೆ; ನಡೆಯಲಿ.

ಅವರ ಕೈಯಲ್ಲಿದ್ದ ಸಾಧನವಾದರೂ ಏನು? ಇಂದಿನಂತೆ ಬೆಳಗುವ ಪರದೆಯಲ್ಲ. 2741 ಎಂಬ, ಬೆರಳಚ್ಚು ಯಂತ್ರದಂಥ ಒಂದು ಉಪಕರಣ. ಬಳಸುವವನು ಒಂದು ಸಾಲು ಆಜ್ಞೆ ಹೊಡೆಯುತ್ತಾನೆ. ಯಂತ್ರ ಅದರ ಕೆಳಗೇ ಒಂದು ಸಾಲು ಉತ್ತರ ಹೊಡೆಯುತ್ತದೆ. ಎಲ್ಲವೂ ಕಾಗದದ ಮೇಲೆ! ಇಂದು ಕಮಾಂಡ್ ಲೈನ್ ಎಂದು ಎಳೆಯರು ಕರೆಯುವ ಪದ್ಧತಿಯ ಮೂಲ ಇದೇ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಿಂದ ಕಾಗದನಗರವೆಂಬ ಹೆಸರನ್ನೇ ಪಡೆದ ಊರಿನವರಿಗೆ ಈ ಸಂಗತಿ ಹಿತವೆನಿಸೀತು. ಗಿರಣಿಯ ಯಂತ್ರಗಳು 2015ರಲ್ಲಿ ನಿಂತುಹೋದವು. ಕಾಗದದ ಮೇಲೆ ಹುಟ್ಟಿದ ಆ ಒಂದು ಸಾಲಿನ ಸಂವಾದ ಮಾತ್ರ ಇನ್ನೂ ನಡೆದಿದೆ.

1972ರಲ್ಲಿ ಐಬಿಎಂ ಈ ವಿದ್ಯೆಯನ್ನು ವಿಎಂ/370 ಎಂಬ ಹೆಸರಿನಲ್ಲಿ ಎಲ್ಲ ಗಿರಾಕಿಗಳಿಗೂ ಒದಗಿಸಿತು. ಅದರಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಒಂದು ಸಣ್ಣ ಏರ್ಪಾಡು. ಕೆಲಸ ಮುಗಿಸಿ ಎದ್ದು ಹೊರಡುವವನಿಗೆ ಯಂತ್ರ ಲೆಕ್ಕ ಒಪ್ಪಿಸುತ್ತಿತ್ತು: ಎಷ್ಟು ಹೊತ್ತು ಕೂತಿದ್ದೆ, ನಿನ್ನ ಸ್ವಂತ ಕೆಲಸಕ್ಕೆ ಹಿಡಿದ ಕಾಲವೆಷ್ಟು, ನಿನ್ನ ಸಲುವಾಗಿ ಮೇಲ್ವಿಚಾರಕ ಕ್ರಮವಿಧಿ ಮಾಡಿದ ಕೆಲಸವನ್ನೂ ಕೂಡಿಸಿದರೆ ಒಟ್ಟು ಎಷ್ಟು. ಇಂಡಿಕೇಟ್ ಎಂಬ ಆಜ್ಞೆ ಕೊಟ್ಟರೆ ದೊಡ್ಡ ಯಂತ್ರ ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ, ಸರದಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಸಾಮಾನ್ಯ ಬಳಕೆದಾರನಿಗೂ ಹೇಳುತ್ತಿತ್ತು. ಕೊನೆಯ ಗದ್ದೆಯವನಿಗೂ ಅಣೆಕಟ್ಟಿನ ಗೇಜನ್ನು ಓದಗೊಟ್ಟಂತೆ ಇದು. ಮುಂದೆ ಬಂದವರು ಈ ಔದಾರ್ಯವನ್ನು ಬಹುಪಾಲು ಮರೆತರೆಂದೇ ಹೇಳಬೇಕು.

ಆಮೇಲಿನ ಇಪ್ಪತ್ತು ವರ್ಷಗಳನ್ನು ಬೇಗ ದಾಟಬಹುದು. ಯಂತ್ರಗಳು ಅಗ್ಗವಾದವು, ಮೇಜಿನ ಮೇಲೆ ಬಂದವು; ಹಂಚಿಕೊಳ್ಳುವ ಅವಸರ ತಪ್ಪಿತು. ಯೂನಿಕ್ಸ್ ಎಂಬ ವ್ಯವಸ್ಥೆ ಬೆಳೆದು, ಅದರೊಡನೆ ಅಳತೆಯ ಆಜ್ಞೆಗಳೂ ಬೆಳೆದವು. 1984ರಲ್ಲಿ ವಿಲಿಯಂ ಲಿಫೆವರ್ ಎಂಬ ವಿದ್ಯಾರ್ಥಿ ಬರೆದ ಟಾಪ್ ಎಂಬುದು ಅವುಗಳಲ್ಲಿ ಹೆಸರಾದದ್ದು: ಯಾವ ಕೆಲಸ ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿಯನ್ನು ಹೊಟ್ಟೆಬಾಕನಿಂದ ಆರಂಭಿಸಿ ತೋರಿಸುತ್ತದೆ. ವಿಎಂಸ್ಟ್ಯಾಟ್ ಎಂಬುದು ಅದಕ್ಕೂ ಹಿಂದಿನದು. ಅದರಲ್ಲಿ ವಿಎಂ ಎಂದರೆ ವರ್ಚುವಲ್ ಮೆಮರಿ, ವರ್ಚುವಲ್ ಮಷಿನ್ ಅಲ್ಲ. ಎಷ್ಟೋ ಮಂದಿ ಇಲ್ಲಿ ಎಡವುತ್ತಾರೆ.

ಅಗ್ಗವಾದ ಯಂತ್ರಗಳು ಬಲಿತು ಮತ್ತೆ ದೊಡ್ಡವಾದಾಗ ಹಂಚಿಕೆ ಹಿಂದಿರುಗಿತು. ವಿಎಂವೇರ್ ಕಂಪೆನಿಯ ಮೊದಲ ಸರಕು 1999ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೆನ್ 2003ರಲ್ಲಿ, ಯಂತ್ರದ ಪಾಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಮೆಜಾನಿನ ವ್ಯಾಪಾರ 2006ರಲ್ಲಿ, ಲಿನಕ್ಸ್‌ನ ಒಳಗೇ ಸೇರಿದ ಕೆವಿಎಂ 2007ರಲ್ಲಿ. ಜಗಳ ಕಾಣಿಸಿಕೊಂಡದ್ದು ಇಲ್ಲೇ.

ಏನಾಗುತ್ತಿತ್ತೆಂದರೆ, ಒಳಗಿನ ತೋರಿಕೆಯ ಯಂತ್ರ ತಾನು ಇಡೀ ಯಂತ್ರವೆಂದೇ ನಂಬಿದೆಯಷ್ಟೆ. ನಡುವೆ ಮೇಲಿನ ಒಡೆಯ ಅದನ್ನು ಕ್ಷಣಕಾಲ ನಿಲ್ಲಿಸಿ, ನೆರೆಯವನ ಸರದಿ ನಡೆಸಿ, ಮತ್ತೆ ಎಬ್ಬಿಸುತ್ತಾನೆ. ನಿದ್ದೆ ಹೋದವನಿಗೆ ನಿದ್ದೆ ಹೋದದ್ದು ತಿಳಿಯದು. ಎದ್ದವನೆ ಗಡಿಯಾರ ನೋಡಿ, ಕಳೆದ ಹೊತ್ತನ್ನೆಲ್ಲ ತನ್ನ ಕೈಯಲ್ಲಿದ್ದ ಕೆಲಸದ ಹೆಸರಿಗೆ ಬರೆದುಬಿಡುತ್ತಿತ್ತು. ಪಾಪದ ಕೆಲಸ! ತಾನು ಉಣ್ಣದ ಊಟಕ್ಕೆ ತನ್ನ ಹೆಸರಿನಲ್ಲಿ ಲೆಕ್ಕ. ಟಾಪ್ ಆಜ್ಞೆ ತೋರಿಸಿದ ಅಂಕಿಯನ್ನು ನಂಬಿ, ತಪ್ಪಿಲ್ಲದ ಕ್ರಮವಿಧಿಯನ್ನು ತಿದ್ದುತ್ತ ಕೂರುವುದು ತಪ್ಪುತ್ತಿರಲಿಲ್ಲ.

ಇದಕ್ಕೆ ಪರಿಹಾರ ಬಂದದ್ದು ಹಳೆಯ ಮನೆತನದಿಂದಲೇ. ಐಬಿಎಂನ ದೊಡ್ಡ ಯಂತ್ರಗಳ ಮೇಲೆ ಲಿನಕ್ಸ್ ನಡೆಸುವ ಅಗತ್ಯದಿಂದ ಒಂದು ಹೊಸ ಅಂಕಣ ಹುಟ್ಟಿ, 2005ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ 2.6.11ರಲ್ಲಿ ಸೇರಿತು. ಅದರ ಹೆಸರು ಸ್ಟೀಲ್. ಭದ್ರಾವತಿಯವರಿಗೆ ಸ್ಟೀಲ್ ಎಂದೊಡನೆ ವಿಶ್ವೇಶ್ವರಯ್ಯನವರ ಕಾರ್ಖಾನೆ ನೆನಪಾಗುವುದು ಸಹಜ. ಇದು ಆ ಉಕ್ಕಿನ ಸ್ಟೀಲ್ ಅಲ್ಲ, ಕಳವಿನ ಸ್ಟೀಲ್. ನಾನು ದುಡಿಯಲು ಸಿದ್ಧನಿದ್ದೆ, ಆದರೆ ನನಗೆ ಸರದಿ ಸಿಗಲಿಲ್ಲ ಎಂಬ ಕಾಲವಷ್ಟನ್ನೂ ಈ ಅಂಕಣ ಬೇರೆ ಬರೆದಿಡುತ್ತದೆ. ಅದನ್ನು ಮೇಲಿನ ಒಡೆಯನೇ ಕೆಳಗಿನವನಿಗೆ ತಿಳಿಸಬೇಕು. ತನ್ನ ಬದುವಿನ ಮೇಲೆ ನಿಂತ ರೈತನಿಗೆ ಮೇಲ್ನಾಲೆಯಲ್ಲಿ ಹೋದ ನೀರು ಎಷ್ಟೆಂದು ನೀರುಗಂಟಿಯೇ ಬಂದು ಹೇಳಿದ ಹಾಗೆ.

ಇಂದು ಲಿನಕ್ಸ್ ಯಂತ್ರದ ಮುಂದೆ ಕೂತು ಟಾಪ್ ಎಂದು ಹೊಡೆದರೆ ಮೇಲಿನ ಕೆಲವು ಸಾಲುಗಳಲ್ಲೇ ಎಲ್ಲವೂ ಇದೆ. ಯುಎಸ್ ಎಂದರೆ ನಮ್ಮ ಸ್ವಂತ ಕೆಲಸ, ಐಡಿ ಎಂದರೆ ಸುಮ್ಮನಿದ್ದ ಕಾಲ, ಡಬ್ಲ್ಯುಎ ಎಂದರೆ ಡಿಸ್ಕಿನ ಬಾಗಿಲಲ್ಲಿ ಕಾದ ಕಾಲ, ಕೊನೆಯ ಎಸ್‌ಟಿ ಎಂಬುದೇ ಈ ಕಳವು. ಯುಎಸ್ ತುಂಬ ಏರಿದ್ದು ಎಸ್‌ಟಿ ಸೊನ್ನೆಯಾಗಿದ್ದರೆ ನೆರೆಯವರನ್ನು ಬೈಯುವಂತಿಲ್ಲ, ಕುಂದು ನಮ್ಮದೇ. ಎಸ್‌ಟಿ ಬಹಳ ಹೊತ್ತು ಇಳಿಯದೆ ನಿಂತರೆ ಮೇಲ್ನಾಲೆಯಲ್ಲಿ ಯಾರೋ ಪಂಪು ಇಟ್ಟಿದ್ದಾರೆ. ಇವೆರಡೂ ಅಲ್ಲದೆ ಐಡಿ ಹೆಚ್ಚಾಗಿದ್ದು, ಜನ ಮಾತ್ರ ಸಾಲಿನಲ್ಲಿ ಕಾಯುತ್ತಿದ್ದರೆ, ತೊಂದರೆ ದಾರಿಯ ತಂತಿಯಲ್ಲೋ ಮತ್ತೆಲ್ಲೋ ಇರಬೇಕು. "ಸರ್ವರ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ಇಷ್ಟೆಲ್ಲ ಬೇರೆ ಬೇರೆ ಕಾರಣಗಳಿರುತ್ತವೆ. ಕಿಟಕಿಯ ಹಿಂದೆ ಕೂತ ಗುಮಾಸ್ತ ಇವು ಯಾವುದಕ್ಕೂ ಹೊಣೆಯಲ್ಲ, ಬೈಗುಳವೆಲ್ಲ ಅವನಿಗೇ.

ಒಡೆಯನ ಕಡೆಯಿಂದ ನೋಡುವ ಬಗೆ ಬೇರೆ. ಕೆವಿಎಂ ಪದ್ಧತಿಯಲ್ಲಿ ಒಂದೊಂದು ತೋರಿಕೆಯ ಯಂತ್ರವೂ ಮೇಲಿನ ಯಂತ್ರಕ್ಕೆ ಒಂದು ಸಾಧಾರಣ ಕೆಲಸ ಮಾತ್ರ. ಅಲ್ಲಿ ಅದೇ ಟಾಪ್ ಹೊಡೆದರೆ ಇಡೀ ಯಂತ್ರವೊಂದು ಒಂದೇ ಸಾಲಾಗಿ ಕಾಣುತ್ತದೆ. ವರ್ಷ್, ವರ್ಟ್‌ಟಾಪ್ ಎಂಬ ಆಜ್ಞೆಗಳು ಯಾವ ಬಾಡಿಗೆದಾರ ಎಷ್ಟು ಬಳಸಿದ ಎಂಬುದನ್ನು ಹೆಸರುಹೆಸರಾಗಿ ಹೇಳುತ್ತವೆ. ವಿಎಂವೇರ್‌ನಲ್ಲಿ ಇದೇ ಕಾಯುವಿಕೆಗೆ ರೆಡಿ ಎಂದು ಹೆಸರು. ಕಳವು ಎನ್ನುವುದಕ್ಕಿಂತ ಸಿದ್ಧನಿದ್ದೆ ಎನ್ನುವುದು ಮರ್ಯಾದೆಯ ಮಾತೆಂದು ತೋರಿತೋ ಏನೋ! ಆದರೆ ಬಾಡಿಗೆದಾರನಿಗೆ ಮೇಲಿನ ಈ ಕೋಣೆಗೆ ಪ್ರವೇಶವಿಲ್ಲ. ಅವನ ಪಾಲಿಗೆ ಉಳಿದದ್ದು ಎಸ್‌ಟಿ ಎಂಬ ಆ ಒಂದು ಅಂಕಣ.

ಸ್ಮೃತಿಕೋಶದ ವಿಷಯದಲ್ಲಂತೂ ಅಷ್ಟೂ ಇಲ್ಲ. ಇರುವುದಕ್ಕಿಂತ ಹೆಚ್ಚನ್ನು ಹಂಚಿದ ಒಡೆಯ, ಇಕ್ಕಟ್ಟು ಬಂದಾಗ ಹಿಂದಕ್ಕೆ ಕೇಳುತ್ತಾನೆ. 2002ರಲ್ಲಿ ಕಾರ್ಲ್ ವಾಲ್ಡ್‌ಸ್ಪರ್ಗರ್ ವಿವರಿಸಿದ ಉಪಾಯದಂತೆ, ಬಾಡಿಗೆದಾರನ ಮನೆಯೊಳಗೇ ಒಂದು ಬಲೂನನ್ನು ಇಟ್ಟು ಊದುತ್ತಾರೆ. ಬಲೂನು ಹಿಗ್ಗಿದಷ್ಟು ಜಾಗ ಒಡೆಯನಿಗೆ ಮರಳುತ್ತದೆ. ಮನೆಯವರು ಸಾಮಾನನ್ನು ಅಟ್ಟಕ್ಕೆ ಹಾಕಿಕೊಳ್ಳಬೇಕು. ಫ್ರೀ ಎಂಬ ಆಜ್ಞೆ ಜಾಗ ಕಡಿಮೆಯಾದದ್ದನ್ನು ಹೇಳುತ್ತದೆ, ಬಲೂನಿನ ಮಾತನ್ನು ಹೇಳುವುದಿಲ್ಲ.

ಈ ಅಂಕಿಗಳೆಲ್ಲ ಆ ಕ್ಷಣದವು. ಬೆಳಗ್ಗೆ ಹನ್ನೊಂದಕ್ಕೆ ಜನ ಕಾದು ಹಿಂದಿರುಗಿದ್ದರೆ, ಸಂಜೆ ಟಾಪ್ ಹೊಡೆದು ಫಲವಿಲ್ಲ. ಆಗ ನಾಲೆ ತುಂಬಿ ಹರಿಯುತ್ತಿರುತ್ತದೆ. ಅದಕ್ಕೆಂದೇ ಸಾರ್ ಎಂಬ ಆಜ್ಞೆಯುಂಟು. ಹೆಸರು ಕೇಳಿದರೆ ನಮ್ಮವರು ಮರ್ಯಾದೆಗೆ ಕೂಗುವ "ಸಾರ್" ನೆನಪಾದರೆ ಆಶ್ಚರ್ಯವಿಲ್ಲ. ಅದರ ಜೊತೆಗಾರ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಅಂಕಣಗಳನ್ನೂ, ಕಳವನ್ನೂ ಸೇರಿಸಿ, ಕಡತದಲ್ಲಿ ಬರೆದಿಡುತ್ತಾನೆ. ಆ ಕಡತವಿದ್ದರೆ ಬಾಡಿಗೆದಾರ ಒಡೆಯನ ಬಳಿ ಹೋಗಿ, ಇಂಥ ದಿನ ಇಷ್ಟು ಹೊತ್ತಿಗೆ ನನ್ನ ಪಾಲು ಬರಲಿಲ್ಲ, ನನ್ನನ್ನು ಬೇರೆ ಯಂತ್ರಕ್ಕೆ ಸಾಗಿಸಿ ಎಂದು ಕೇಳಬಹುದು. ಆದರೆ ಸಿಪಿ-40ರ ಕಾಲದ ಕಾಗದದ ಸುರುಳಿಯಂತೆ ಇದು ಉಳಿಯುವುದಿಲ್ಲ. ಎಷ್ಟೋ ಕಡೆ ಏಳು ದಿನ, ಕೆಲವು ಕಡೆ 28 ದಿನ ಕಳೆದರೆ ಹಳೆಯದು ತಾನೇ ಅಳಿಸಿಹೋಗುತ್ತದೆ. ದೂರು ಕೊಡುವವರು ಅಷ್ಟರೊಳಗೆ ಕೊಡಬೇಕು, ಇಲ್ಲವೆ ಮುದ್ರಿಸಿ ಎತ್ತಿಟ್ಟುಕೊಂಡಿರಬೇಕು.