ಗಣಿ ಮುಚ್ಚಿದರೂ ಊರು ಬಿಡದವರು

ಹೊಟ್ಟೆಪಾಡಿಗೆ ಊರು ಬಿಡುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಎಲ್ಲಿಗೆ ಹೋಗುವುದು? ಒಬ್ಬರೇ ಹೋಗುವುದೋ, ಸಂಸಾರ ಸಮೇತವೋ? ಕೋಲಾರದ ಚಿನ್ನದ ಗಣಿಯ ಜನರಿಗೆ ಈ ಪ್ರಶ್ನೆ ಎರಡು ಬಾರಿ ಎದುರಾಯಿತು. ಗಣಿ ಆರಂಭವಾದಾಗ ಒಮ್ಮೆ, ಮುಚ್ಚಿದಾಗ ಇನ್ನೊಮ್ಮೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿ ಕಾಲಿಟ್ಟಿತು. ಗಣಿಯ ದುಡಿಮೆಗೆ ಬಂದವರು ಬಹುಪಾಲು ಅಂದಿನ ಮದರಾಸು ಪ್ರಾಂತದ ಉತ್ತರ ಆರ್ಕಾಟ್ ಕಡೆಯವರು. ಇವರಲ್ಲಿ ಅನೇಕರು ತುಂಡು ಭೂಮಿಯೂ ಇಲ್ಲದ ದಲಿತರು. ಊರಿನಲ್ಲಿ ಒಡೆಯನ ಹೊಲದ ಜೀತ, ಇಲ್ಲಿ ಕೈಗೆ ಸಿಗುವ ಕೂಲಿ. ನೆಲದಾಳದಲ್ಲಿ ಬಂಡೆ ಸಿಡಿಯುವ ಭಯವಿತ್ತು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡಿಸುವ ಸಿಲಿಕೋಸಿಸ್ ರೋಗವೂ ಇತ್ತು. ಆದರೂ ಅವರು ಗಣಿಯನ್ನೇ ಆರಿಸಿಕೊಂಡರು.

1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಹಳಿ ಬಿತ್ತು. ಬಂಗಾರಪೇಟೆಯು ಮದರಾಸು–ಬೆಂಗಳೂರು ಮಾರ್ಗದಲ್ಲಿದ್ದುದರಿಂದ ತವರಿಗೆ ಹೋಗಿಬರುವುದು ಸುಲಭವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ. ಆಸ್ಪತ್ರೆ, ಶಾಲೆ, ಗುಡಿ, ಇಗರ್ಜಿಗಳು ಎದ್ದವು. ಕೂಲಿಗೆ ಬಂದವರ ಮೊಮ್ಮಕ್ಕಳಿಗೆ ಇದೇ ಸ್ವಂತ ಊರಾಯಿತು.

ಆದರೆ ಅವರು ವಾಸಿಸುತ್ತಿದ್ದ ಲೈನು ಮನೆಗಳು ಮಾತ್ರ ಕಂಪೆನಿಯವು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. ಮುಂದೆ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಷ್ಟು ಆಳದಿಂದ ಅದಿರು ತೆಗೆಯುವ ಖರ್ಚು ಏರುತ್ತ ಹೋಯಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ಎಲ್ಲಿಗೆ ಹೋಗುವುದು? ಪೂರ್ವಿಕರ ಹಳ್ಳಿಯಲ್ಲಿ ಹೊಲವಿಲ್ಲ, ಮನೆಯಿಲ್ಲ, ಗುರುತು ಹಿಡಿಯುವವರೂ ಇಲ್ಲ. ಬೆಂಗಳೂರಿನಲ್ಲಿ ಕೆಲಸ ಉಂಟು, ಆದರೆ ಮನೆ ಬಾಡಿಗೆ, ಮುಂಗಡ ಕೊಟ್ಟು ಸಂಸಾರ ಹೂಡುವುದು ಕಷ್ಟ. ಕೆ.ಜಿ.ಎಫ್.ನಲ್ಲಿ ತಲೆಯ ಮೇಲೊಂದು ಸೂರು ಉಂಟು, ಕೆಲಸವಿಲ್ಲ. ಮನೆ ಖಾಲಿ ಮಾಡಿ ಹೋದರೆ ಅದರ ಹಕ್ಕುಪತ್ರದ ಆಸೆಯನ್ನೂ ಕೈಬಿಡಬೇಕು. ಆ ಹಕ್ಕಿಗಾಗಿ ಕಾರ್ಮಿಕರ ಹೋರಾಟ ವರ್ಷಗಟ್ಟಲೆ ನಡೆಯಿತು.

ಕೊನೆಗೆ ಸಾವಿರಾರು ಮಂದಿ ಕಂಡುಕೊಂಡ ದಾರಿ, ಊರು ಬಿಡದೆಯೇ ವಲಸೆ ಹೋಗುವುದು. ಮಾರಿಕುಪ್ಪಂನಲ್ಲಿ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ದಾಟಿ ಬೆಂಗಳೂರು ಸೇರುತ್ತದೆ. ಸುಮಾರು ತೊಂಬತ್ತು ಕಿಲೋಮೀಟರಿನ ದಾರಿ. ರಾತ್ರಿ ಮತ್ತೆ ಅಷ್ಟೇ ದೂರ ವಾಪಸು.

ಸಂಸಾರವನ್ನು ಕದಲಿಸದಿದ್ದುದಕ್ಕೆ ದುಡಿಯುವವರು ತೆರುವ ಬೆಲೆ ಈ ಪ್ರಯಾಣ. ಅಂದು ತಾತಂದಿರು ಬಂದಿಳಿದ ಹಳಿಯೇ ಇಂದು ಮೊಮ್ಮಕ್ಕಳನ್ನು ಊರಿನಲ್ಲಿ ಉಳಿಸಿದೆ. ದಿನಗೂಲಿಯವರಿಗಂತೂ ಬೆಳಗಿನ ಆ ಗಾಡಿ ತಪ್ಪಿದರೆ ಅಂದಿನ ಸಂಪಾದನೆಯೂ ತಪ್ಪಿದಂತೆ.